ದುಂಡು ಮೂಲೆಯ ಜಗಳ

ನನ್ನ ಅಕ್ಕನ ಮಗ ಐಫೋನ್ ಪಕ್ಷ. ನಾನು ಆಂಡ್ರಾಯ್ಡ್ ಪಕ್ಷ. ಬಳ್ಳಾರಿಯಲ್ಲಿ ಬೇರೆ ಬೇರೆ ಪಕ್ಷದವರೂ ಒಂದೇ ಬಂಡಿ ಮುಂದೆ ನಿಂತು ಒಗ್ಗರಣೆ ಮಿರ್ಚಿ ತಿನ್ನುತ್ತಾರೆ. ನಮ್ಮಿಬ್ಬರದು ಮಾತ್ರ ಮಿರ್ಚಿ ಆರಿ ತಣ್ಣಗಾದರೂ ಮುಗಿಯದ ಜಗಳ.

"ನಿಮ್ಮದೆಲ್ಲ ಕಾಪಿ, ಮಾಮ" ಎಂದು ಶುರು ಮಾಡುತ್ತಾನೆ. 2011ರಲ್ಲಿ ಆಪಲ್ ಸ್ಯಾಮ್‌ಸಂಗ್ ಮೇಲೆ ಕೇಸು ಹಾಕಿದ್ದು, ಮರುವರ್ಷ ಕ್ಯಾಲಿಫೋರ್ನಿಯಾದ ಜ್ಯೂರಿ 100 ಕೋಟಿ ಡಾಲರಿಗೂ ಜಾಸ್ತಿ ಕಟ್ಟಬೇಕು ಎಂದಿದ್ದು, ಎಲ್ಲ ಅವನ ಬಾಯಿಪಾಠ. ತಕರಾರು ಯಾವುದಕ್ಕೆ? ದುಂಡು ಮೂಲೆಯ ಫೋನಿನ ಮುಖ, ಐಕಾನ್‌ಗಳ ಸಾಲು, ಪಟ್ಟಿಯ ತುದಿ ಮುಟ್ಟಿದರೆ ರಬ್ಬರಿನಂತೆ ಪುಟಿಯುವ ಪರದೆ. ಟ್ಯಾಬ್ಲೆಟ್ಟಿನ ಆಕಾರ ಕದ್ದಿಲ್ಲ ಎಂದು ಅದೇ ಜ್ಯೂರಿ ಹೇಳಿತ್ತಲ್ಲ, ಅದನ್ನು ನುಂಗಿಬಿಡುತ್ತಾನೆ. ಅದೇ ವರ್ಷ ಇಂಗ್ಲೆಂಡಿನ ಜಡ್ಜ್ ಒಬ್ಬರು ಸ್ಯಾಮ್‌ಸಂಗ್ ಟ್ಯಾಬ್ಲೆಟ್ ಐಪ್ಯಾಡಿನಷ್ಟು 'ಕೂಲ್' ಇಲ್ಲ, ಹಾಗಾಗಿ ನಕಲು ಅಲ್ಲ ಎಂದರು. ಗೆದ್ದೂ ಮಾನ ಹೋಗುವುದು ಅಂದರೆ ಇದೇ ನೋಡಿ.

ನಾನೂ ಬಿಡುವವನಲ್ಲ. ಮೇಲಿಂದ ಎಳೆದರೆ ಇಳಿಯುವ ನೋಟಿಫಿಕೇಶನ್ ಮೊದಲು ಆಂಡ್ರಾಯ್ಡ್‌ನಲ್ಲಿತ್ತು, ಐಫೋನಿಗೆ ಬಂದದ್ದು 2011ರಲ್ಲಿ. ಆ ವರ್ಷವೇ ಬಂದ ಸ್ಯಾಮ್‌ಸಂಗಿನ ದೊಡ್ಡ ಫೋನ್ ಗ್ಯಾಲಕ್ಸಿ ನೋಟ್ ನೋಡಿ ಅಡುಗೆಮನೆಯ ಮಣೆ ಎಂದು ನಕ್ಕಿದ್ದವನು, 2014ರಲ್ಲಿ ಅಂಥದ್ದೇ ದೊಡ್ಡ ಐಫೋನ್ 6 ಪ್ಲಸ್ ಬಂದಾಗ ಸುಮ್ನಾದ. ಕೇಳಿದರೆ, "ಅದು ಕಾಪಿ ಅಲ್ಲ ಮಾಮ, ಸುಧಾರಣೆ."

ಹೋದ ವಾರ ಈ ಜಗಳ ಕೌಲ್ ಬಜಾರಿನ ಒಂದು ಜೀನ್ಸ್ ಯೂನಿಟ್‌ವರೆಗೂ ಬಂತು. ಅಲ್ಲಿನ ಕಟಿಂಗ್ ಮಾಸ್ಟರ್ ನನಗೆ ಹಳೇ ಪರಿಚಯ. ಇಬ್ಬರ ವಾದವನ್ನೂ ಕೇಳಿದರು. ಹುಡುಗನ ಫೋನ್ ಇಸಿದುಕೊಂಡು ಅರ್ಧ ಹೊಲಿದ ಪ್ಯಾಂಟಿನ ಜೇಬಿಗೆ ಇಳಿಬಿಟ್ಟರು.

"ಮೂಲೆ ಚೂಪು ಇದ್ರೆ ನಮ್ ಜೇಬು ಎರಡು ತಿಂಗಳಿಗೆ ತೂತು. ದುಂಡು ಮಾಡ್ದೆ ಇನ್ನೇನ್ ಮಾಡ್ತಾರೆ ಸರ?"

ಕೋರ್ಟಿನಲ್ಲಿ ಅಷ್ಟು ವರ್ಷ ವಾದ ಮಾಡಿದ ವಕೀಲರು ಒಮ್ಮೆ ತಮ್ಮ ಜೇಬು ಮುಟ್ಟಿ ನೋಡಿದ್ದರೋ ಇಲ್ಲವೋ. ಫೋನ್ ದೊಡ್ಡದಾದ ಮೇಲೆ ತಾವು ಜೇಬನ್ನೂ ಎರಡು ಬೆರಳು ಆಳ ಮಾಡಿದ್ದಾಗಿ ಮಾಸ್ಟರ್ ಹೇಳಿದರು. ಅದಕ್ಕೆ ಪೇಟೆಂಟ್ ಇಲ್ಲ.

ಜೀನ್ಸ್ ಜೇಬಿನ ಮೂಲೆಗೆ ಬಡಿದಿರುವ ಆ ಪುಟ್ಟ ರಿವೆಟ್‌ಗೆ ಮಾತ್ರ ಪೇಟೆಂಟ್ ಇತ್ತು. ಕೂಲಿಯವರ ಜೇಬು ಹರಿಯುವುದನ್ನು ನೋಡಿ ಅದನ್ನು ಬಡಿದವನು ಜೇಕಬ್ ಡೇವಿಸ್ ಎಂಬ ಟೈಲರ್. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಹಕ್ಕು ಪಡೆದ. 1890ರ ಹೊತ್ತಿಗೆ ಅವಧಿ ಮುಗಿಯಿತು, ಆಮೇಲೆ ಎಲ್ಲರೂ ಬಡಿದರು. ಬಳ್ಳಾರಿಯಲ್ಲೂ ಬಡಿಯುತ್ತಾರೆ. ಆದರೆ ಹಿಂದಿನ ಜೇಬಿನ ಮೇಲಿನ ಜೋಡಿ ಕಮಾನಿನ ಹೊಲಿಗೆ ಲೆವಿ ಸ್ಟ್ರಾಸ್ ಕಂಪನಿಯ ಗುರುತು. ಅದನ್ನು ಮಾಸ್ಟರ್ ಹಾಕುವುದಿಲ್ಲ.

"ಅದು ಅವ್ರ ಸಹಿ ಸರ. ಕಟಿಂಗ್ ನೋಡಿ ಕಲೀಬೋದು. ಸಹಿ ಮಾಡಿದ್ರೆ ಕಳ್ಳತನ."

ಹುಡುಗ ಬಂದದ್ದು ಬೇರೆ ಕೆಲಸಕ್ಕೆ. ಯಾರು ಎಷ್ಟು ಪೀಸ್ ಹೊಲಿದರು ಎಂಬ ಲೆಕ್ಕಕ್ಕೆ ಮಾಸ್ಟರ್‌ಗೆ ಒಂದು ಆ್ಯಪ್ ಮಾಡಿಕೊಟ್ಟಿದ್ದಾನೆ. ಪಟ್ಟಿಯನ್ನು ಕೆಳಗೆ ಎಳೆದು ಬಿಟ್ಟರೆ ಹೊಸ ಲೆಕ್ಕ ಬರುತ್ತದೆ. ಆ ಎಳೆದು ಬಿಡುವ ಉಪಾಯ ಲೊರೆನ್ ಬ್ರಿಕ್ಟರ್ ಎಂಬಾತನದು, 2009ರಲ್ಲಿ ಟ್ವೀಟಿ ಎಂಬ ಆ್ಯಪಿಗೆ ಮಾಡಿದ್ದು. ನಾನು ಬಾಯಿ ಬಿಡಲಿಲ್ಲ, ಸುಮ್ನೆ ನೋಡಿದೆ.

"ಅದು ಎಲ್ಲಾರೂ ಮಾಡ್ತಾರೆ ಮಾಮ" ಎಂದ.

ಅಷ್ಟರಲ್ಲಿ ಮಾಸ್ಟರ್ ನೀಲಿ ಹಿಡಿದ ಬೆರಳಲ್ಲಿ ಪರದೆಯನ್ನು ಮೂರು ಸಲ ಎಳೆದಿದ್ದರು. ಪ್ರತಿ ಸಲವೂ 140.

"ಎಳೆದ್ರೆ ಪೀಸು ಜಾಸ್ತಿ ಆಗ್ಬೇಕಲ್ವಾ?" ಎಂದು ಕೇಳಿದರು.