ಹಾಲಿನ ಬೆಲೆ ಆಯಿತು, ಅಡ್ವಾನ್ಸ್ ಬಗ್ಗೆ ಯಾವಾಗ ಮಾತಾಡ್ತೀರಿ?

ನಿನ್ನೆ ರಾತ್ರಿ ಟಿವಿಯಲ್ಲಿ ಮತ್ತೆ ಬೆಲೆ ಏರಿಕೆ ಚರ್ಚೆ. ಹಾಲಿಗೆ ಲೀಟರಿಗೆ 4 ರೂಪಾಯಿ ಏರಿಸಿದ್ದು ಯಾರು ಅಂತ ಬಿಜೆಪಿಯವರು. ಸಿಲಿಂಡರ್‌ಗೆ 50 ರೂಪಾಯಿ ಏರಿಸಿದ್ದು ಯಾರು ಅಂತ ಕಾಂಗ್ರೆಸ್‌ನವರು. ಮೆಟ್ರೋ ದರದ ವಿಷಯ ಬಂದಾಗ ಇಬ್ಬರೂ ಎದುರಿನವರ ಕಡೆ ಬೆರಳು ತೋರಿಸಿದರು. ಪೂರ್ತಿ ಕೂತು ನೋಡಿದೆ. ಮನೆ ಬಾಡಿಗೆ ಅನ್ನುವ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಅಡ್ವಾನ್ಸ್ ಅಂತೂ ದೂರವೇ ಉಳಿಯಿತು. ಸಿಟ್ಟಿಗೆ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಹಾಲು, ಬಸ್ಸು, ಮೆಟ್ರೋ ಮುಖ್ಯ ಅಲ್ಲ ಅಂತ ನಾನು ಹೇಳುತ್ತಿಲ್ಲ. 2025ರ ಜನವರಿಯಲ್ಲಿ ಬಸ್ ಟಿಕೆಟ್ ಶೇ 15 ಜಾಸ್ತಿ ಆಯಿತು. ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ನಮ್ಮೆಜಮಾನರು ಆವತ್ತಿನಿಂದ ಮೆಟ್ರೋ ಬಿಟ್ಟು ಮತ್ತೆ ಬೈಕ್ ಹತ್ತಿದರು. ಏಪ್ರಿಲ್‌ನಲ್ಲಿ ಹಾಲು, ಕರೆಂಟು, ಡೀಸೆಲ್ ಎಲ್ಲ ಒಟ್ಟಿಗೆ ಏರಿತು. ಅದೇ ತಿಂಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ರಾಜ್ಯ ಸರ್ಕಾರದ ವಿರುದ್ಧ ಬಿಜೆಪಿ ಧರಣಿ ಕೂತಿತು. ಎರಡು ವಾರ ಕಳೆಯುವಷ್ಟರಲ್ಲಿ ಅಲ್ಲೇ ಕೇಂದ್ರದ ವಿರುದ್ಧ ಕಾಂಗ್ರೆಸ್ ಪ್ರತಿಭಟನೆ ಮಾಡಿತು. ಆ ಪಾರ್ಕಿನ ಸುತ್ತಮುತ್ತ ಎಷ್ಟು ಸಾವಿರ ಬಾಡಿಗೆ ಮನೆಗಳಿವೆ! ಆ ಎರಡೂ ಭಾಷಣಗಳನ್ನು ಆಮೇಲೆ ಮೊಬೈಲ್‌ನಲ್ಲಿ ಹುಡುಕಿ ಕೇಳಿದೆ. ನಾನು ಕೇಳಿದಷ್ಟರಲ್ಲಿ ಬಾಡಿಗೆದಾರರ ಪರ ಒಂದು ಸಾಲೂ ಸಿಗಲಿಲ್ಲ.

ಈಗ ನಮ್ಮ ಮನೆ ಲೆಕ್ಕ ಹೇಳುತ್ತೇನೆ. ದಿನಕ್ಕೆ ಎರಡು ಲೀಟರ್ ಹಾಲು ಅಂದರೂ, ಏರಿದ ಬೆಲೆಯಿಂದ ತಿಂಗಳಿಗೆ 240 ರೂಪಾಯಿ ಹೊರೆ. ಈಗ ಬಾಡಿಗೆಗೆ ಬನ್ನಿ. ತಿಂಗಳಿಗೆ 14,000. ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ 1,40,000. ಆ ದುಡ್ಡನ್ನು ಒಡವೆ ಅಡವಿಟ್ಟು ತಂದರೆ ನೂರಕ್ಕೆ 12ರಂತೆ ವರ್ಷಕ್ಕೆ 16,800 ಬಡ್ಡಿ. ತಿಂಗಳಿಗೆ 1,400. ವರ್ಷ ತುಂಬಿದ ಕೂಡಲೇ ಬಾಡಿಗೆ ಶೇ 5 ಏರುತ್ತದೆ, ಅದು 700. ಎರಡೂ ಸೇರಿ 2,100. ಗೃಹಲಕ್ಷ್ಮಿಯಲ್ಲಿ ನನಗೆ ಬರುವುದು 2,000.

ಹೌದು, ಆ 2,000 ನನಗೆ ಬರುತ್ತದೆ, ಅದರಿಂದ ಉಪಕಾರ ಆಗಿದೆ. ಅದನ್ನು ಬಿಟ್ಟಿ ಭಾಗ್ಯ ಅಂತ ಹೀಯಾಳಿಸುವವರ ಜೊತೆ ನಾನಿಲ್ಲ. ಆದರೆ ಒಂದು ಕೈಯಲ್ಲಿ ಸರ್ಕಾರ ಕೊಟ್ಟಿದ್ದು ಇನ್ನೊಂದು ಕೈಯಲ್ಲಿ ಅಡ್ವಾನ್ಸ್ ಬಡ್ಡಿಗೆ ಹೋಗುತ್ತಿದೆ. ಇದನ್ನು ತಡೆಯಲು ಖಜಾನೆಯಿಂದ ಕೊಡಬೇಕಾದ್ದು ಏನೂ ಇಲ್ಲ. ಬೇಕಾಗಿರುವುದು ಒಂದು ಕಾನೂನು.

ಕೇಂದ್ರದ ಪರ ಮಾತಾಡಿದವರು ಇನ್ನೊಂದು ಅಂಕಿ ಹೇಳಿದರು. ಹಣದುಬ್ಬರ 2025ರ ಅಕ್ಟೋಬರ್‌ನಲ್ಲಿ ಶೇ 0.25ಕ್ಕೆ ಇಳಿದಿತ್ತಂತೆ. ಅಂಕಿ ನಿಜ. ತರಕಾರಿ, ಬೇಳೆ ಇಳಿದದ್ದು ಅದಕ್ಕೆ ದೊಡ್ಡ ಕಾರಣ. ಈರುಳ್ಳಿ ಇಳಿಯಿತು ಅಂತ ನಮ್ಮ ಅಗ್ರಿಮೆಂಟ್‌ನಲ್ಲಿರುವ ಶೇ 5 ಇಳಿಯುತ್ತದಾ?

ಮನೆ ಬದಲಾಯಿಸಿದವರಿಗೆ ಮಾತ್ರ ಇದರ ನಿಜವಾದ ಸಂಕಟ ಗೊತ್ತು. ಹಳೇ ಮನೆ ಬಿಡುವಾಗ ಅಡ್ವಾನ್ಸ್ ತಕ್ಷಣ ಬರುವುದಿಲ್ಲ. ಓನರ್ ಅದನ್ನು ಯಾವತ್ತೋ ಖರ್ಚು ಮಾಡಿರುತ್ತಾರೆ. ಮೇಲಿನ ಮಹಡಿ ಕಟ್ಟಿರುತ್ತಾರೆ, ಮಗಳ ಮದುವೆ ಮಾಡಿರುತ್ತಾರೆ. ಮುಂದಿನ ಬಾಡಿಗೆಯವರು ಕೊಟ್ಟ ಮೇಲೆ ನಮಗೆ. ಹೊಸ ಮನೆಯವರು ಮಾತ್ರ ಪೂರ್ತಿ ಅಡ್ವಾನ್ಸ್ ಕೈಗೆ ಬರದೆ ಕೀ ಕೊಡುವುದಿಲ್ಲ. ಅಂದರೆ ಒಂದಷ್ಟು ದಿನ ಎರಡು ಮನೆಯ ಅಡ್ವಾನ್ಸ್ ನಮ್ಮದೇ ತಲೆ ಮೇಲೆ. ಜೊತೆಗೆ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಲಗೇಜ್ ಗಾಡಿ, ಹಾಲುಕ್ಕಿಸುವ ಖರ್ಚು.

ಸುಂಕದಕಟ್ಟೆ ಮನೆ ಬಿಟ್ಟಾಗ ನಮಗೂ ಹೀಗೇ ಆಯಿತು. "ನೋಡಮ್ಮ, ಹೊಸಬರು ಬರಲಿ, ಕೊಡ್ತೀನಿ, ಎಲ್ಲಿಗೆ ಹೋಗುತ್ತೆ ನಿನ್ನ ದುಡ್ಡು" ಅಂದರು ಆ ಮನೆಯ ಆಂಟಿ. ಹೊಸಬರು ಬಂದರು. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಬಾತ್‌ರೂಮ್ ಕೊಳಾಯಿ, ಅಡುಗೆಮನೆ ಸಿಂಕ್, ಕಿಟಕಿ ಮೆಷ್ ಅಂತ ಇನ್ನೂ ಒಂದಷ್ಟು. ಬಿಲ್ ಕೇಳಿದರೆ ಮುಖ ದಪ್ಪ ಮಾಡಿಕೊಂಡರು. ಆ ಗೋಡೆಗೆ ನಾವಿದ್ದಷ್ಟು ವರ್ಷ ಅವರು ಒಂದು ಕೋಟ್ ಬಣ್ಣ ಹೊಡೆಸಿರಲಿಲ್ಲ.

ಇದನ್ನು ನಮ್ಮ ಮನೆಯವರಿಗೂ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಈ ಮನೆ ಅಡ್ವಾನ್ಸ್‌ಗೆ ಅಮ್ಮ ಕೊಟ್ಟ ಸರ ಅಡವಿಟ್ಟಿದ್ದು ಇನ್ನೂ ಬಿಡಿಸಿಲ್ಲ. ನಾದಿನಿ ಮದುವೆಯಲ್ಲಿ ನಾನು ಹಾಕಿಕೊಂಡಿದ್ದು ಒನ್ ಗ್ರಾಂ ಗೋಲ್ಡ್ ಸರ. ಫೋಟೋಗೆ ಲೈಕ್ ಒತ್ತಿದ ನೀವೆಲ್ಲ ಅದು ಚಿನ್ನ ಅಂದುಕೊಂಡಿರಿ. ಅಮ್ಮನೂ ಹಾಗೇ ಅಂದುಕೊಂಡರು. ಆವತ್ತು ಊಟದ ಪಂಕ್ತಿಯಲ್ಲಿ ಅಮ್ಮನ ಪಕ್ಕ ಕೂರಲು ನನಗೆ ಆಗಲಿಲ್ಲ.

ಲೀಸ್ ಹಾಕಿಸಿಕೊಳ್ಳಿ, ತಿಂಗಳ ಬಾಡಿಗೆ ತಪ್ಪುತ್ತದೆ ಅನ್ನುತ್ತಾರೆ. ಹತ್ತು ಹನ್ನೆರಡು ಲಕ್ಷ ಒಟ್ಟಿಗೆ ಕೊಡುವವರು ಕೊಡಲಿ. ಆದರೆ ಆ ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ, ಕಂತು ಕಟ್ಟುತ್ತಿದ್ದಾರಾ ಅಂತ ನಮಗೆ ಹೇಗೆ ಗೊತ್ತಾಗಬೇಕು? ಗೇಟಿಗೆ ಹರಾಜು ನೋಟಿಸ್ ಅಂಟಿಸಿದ ಮೇಲೆ ಗೊತ್ತಾದವರು ಈ ಊರಲ್ಲಿ ಎಷ್ಟೋ ಜನ.

ಕಾನೂನು ಇಲ್ಲವೇ ಅಂತ ಕೇಳಬಹುದು. ಇದೆ. ಕರ್ನಾಟಕ ಬಾಡಿಗೆ ಕಾಯ್ದೆ, 1999. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗೆ ಅದು ಅನ್ವಯವೇ ಆಗುವುದಿಲ್ಲ. ಇವತ್ತು 3,500ಕ್ಕೆ ಲಗ್ಗೆರೆಯಲ್ಲಿ ಶೀಟಿನ ಒಂದು ರೂಮಾದರೂ ಸಿಗುತ್ತದಾ, ನೀವೇ ಹೇಳಿ. ಇನ್ನು ಕೇಂದ್ರದವರು 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟು ರಾಜ್ಯಗಳಿಗೆ ಕಳಿಸಿದರು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳಬಾರದು ಅಂತ ಅದರಲ್ಲಿದೆ. ರಾಜ್ಯ ತನ್ನದೇ ಕಾನೂನು ಮಾಡಿಕೊಂಡರೆ ಮಾತ್ರ ಅದು ಜಾರಿಗೆ ಬರುವುದು. ಆಗ ಇಲ್ಲಿ ಇದ್ದದ್ದು ಬಿಜೆಪಿ ಸರ್ಕಾರ, ಮಾಡಲಿಲ್ಲ. 2023ರಲ್ಲಿ ಕಾಂಗ್ರೆಸ್ ಬಂತು. ನಾನು ಇವತ್ತೂ ಹತ್ತು ತಿಂಗಳ ಅಡ್ವಾನ್ಸ್ ಕೊಡುತ್ತಿದ್ದೇನೆ. ಪಕ್ಕದ ತಮಿಳುನಾಡಿನವರು ತಮ್ಮ 2017ರ ಕಾಯ್ದೆಯಲ್ಲಿ ಮೂರು ತಿಂಗಳು ಅಂತ ಬರೆದುಕೊಂಡಿದ್ದಾರೆ. ಒಪ್ಪಂದದಲ್ಲಿ ಬೇರೆ ಬರೆದುಕೊಂಡರೆ ಅದನ್ನೂ ದಾಟಬಹುದು, ಅಷ್ಟು ಸಂದು ಅದರಲ್ಲಿದೆ. ಆದರೂ ಮೂರು ಅನ್ನುವ ಅಂಕಿ ಕಾಗದದ ಮೇಲಾದರೂ ಇದೆ. ನಮಗೆ ಅಷ್ಟೂ ಇಲ್ಲ.

ಓನರ್‌ಗಳ ಪರ ಮಾತಾಡುವವರು ಕಾಮೆಂಟ್‌ಗೆ ಬಂದೇ ಬರುತ್ತೀರಿ. ರಿಟೈರ್ ಆದವರು ಬಾಡಿಗೆ ನಂಬಿಕೊಂಡಿರುತ್ತಾರೆ, ಕೆಲವು ಬಾಡಿಗೆಯವರು ಆರು ತಿಂಗಳು ಬಾಡಿಗೆ ಕೊಡದೆ ಕೋರ್ಟಿಗೆ ಎಳೆದಾಡುತ್ತಾರೆ ಅಂತ. ಅಂಥವರೂ ಇದ್ದಾರೆ, ಒಪ್ಪುತ್ತೇನೆ. ಹಾಗಾದರೆ ಬಾಡಿಗೆ ಜಗಳ ಬೇಗ ಮುಗಿಸುವ ನ್ಯಾಯಮಂಡಳಿ ಕೇಳಿ. ಮಾದರಿ ಕಾಯ್ದೆಯಲ್ಲಿ ಅದೂ ಇದೆ, ಓನರ್‌ಗೂ ಅದರಿಂದ ಅನುಕೂಲ. ಯಾರೋ ಒಬ್ಬರು ಮೋಸ ಮಾಡಬಹುದು ಅಂತ ತಿಂಗಳು ತಪ್ಪದೆ ಬಾಡಿಗೆ ಕಟ್ಟುವ ಎಲ್ಲರ ಹತ್ತಿರ ಹತ್ತು ತಿಂಗಳ ದುಡ್ಡು ಬಡ್ಡಿ ಇಲ್ಲದೆ ಇಟ್ಟುಕೊಳ್ಳುವುದು ಯಾವ ನ್ಯಾಯ? ಕಿಟಕಿ ಗಾಜು ಒಡೆದರೆ ಎರಡು ತಿಂಗಳ ದುಡ್ಡಲ್ಲಿ ಸರಿಹೋಗುವುದಿಲ್ಲವಾ?

ಸ್ವಂತ ಮನೆ ಮಾಡಿಕೊಳ್ಳಿ ಅನ್ನುವವರಿಗೆ ಜಾಸ್ತಿ ಹೇಳುವುದಿಲ್ಲ. ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, 2016ರಲ್ಲಿ ಕೆಂಪೇಗೌಡ ಬಡಾವಣೆಯ ಸೈಟ್ ಹಂಚಿತು. ದುಡ್ಡು ಕಟ್ಟಿದ ಜನ ರಸ್ತೆ, ನೀರು, ಕರೆಂಟಿಗಾಗಿ ವರ್ಷಗಟ್ಟಲೆ ಅಲೆದರು. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. 60 ಲಕ್ಷದ ಫ್ಲ್ಯಾಟ್‌ಗೆ ಇನ್ನೂ 60,000 ಜಾಸ್ತಿ. ಅಲ್ಲಿಗೆ ಆ ಮಾತು ಮುಗಿಯಿತು.

ಯಾಕೆ ಯಾವ ಪಕ್ಷವೂ ಇದನ್ನು ಮುಟ್ಟುವುದಿಲ್ಲ ಅಂತ ರಾತ್ರಿ ಇಡೀ ಯೋಚಿಸಿದೆ. ನನಗೆ ಅನ್ನಿಸಿದ್ದು ಇಷ್ಟು. ಓನರ್ ಒಂದೇ ಬೀದಿಯಲ್ಲಿ ಮೂವತ್ತು ವರ್ಷ ಇರುತ್ತಾರೆ. ವಾರ್ಡಿನ ಲೀಡರ್‌ಗೆ ಅವರ ಮನೆ ಬಾಗಿಲು ಗೊತ್ತು. ನಾವು ಎರಡು ಮೂರು ವರ್ಷಕ್ಕೊಮ್ಮೆ ಏರಿಯಾ ಬದಲಾಯಿಸುತ್ತೇವೆ. ವೋಟರ್ ಐಡಿ ಹಳೇ ವಿಳಾಸದಲ್ಲೇ ಇರುತ್ತದೆ. ನನ್ನ ಹೆಸರು ಇನ್ನೂ ಸುಂಕದಕಟ್ಟೆ ಪಟ್ಟಿಯಲ್ಲಿದೆ. ಇಲ್ಲಿಯ ಶಾಸಕರಿಗೆ ನಾನು ಯಾರೂ ಅಲ್ಲ, ಅಲ್ಲಿಯವರಿಗೂ ಅಲ್ಲ. ನಾವು ಸಂಖ್ಯೆಯಲ್ಲಿ ಕಡಿಮೆ ಇಲ್ಲ, ಒಂದು ಕಡೆ ನಿಲ್ಲಲು ಆಗದೆ ಚದುರಿಹೋಗಿದ್ದೇವೆ.

ಬೆಂಗಳೂರಿನ ಪಾಲಿಕೆ ಚುನಾವಣೆ 2015ರ ನಂತರ ಹತ್ತು ವರ್ಷ ನಡೆಯಲೇ ಇಲ್ಲ. ಮುಂದೆ ಯಾವಾಗ ನಡೆದರೂ ಎಲ್ಲ ಪಕ್ಷದವರೂ ಕೈಮುಗಿದುಕೊಂಡು ಈ ಬೀದಿಗೂ ಬರುತ್ತಾರೆ. ಬಾಡಿಗೆ ಕಾನೂನು ಪಾಲಿಕೆಯ ಕೈಯಲ್ಲಿಲ್ಲ, ವಿಧಾನಸಭೆಯ ಕೈಯಲ್ಲಿದೆ ಅಂತ ನನಗೂ ಗೊತ್ತು. ಆದರೂ ನಾನು ಕೇಳುವ ಮೊದಲ ಪ್ರಶ್ನೆ ಇದೇ: ನಿಮ್ಮ ಪಕ್ಷ ಅಡ್ವಾನ್ಸ್ ಎರಡು ತಿಂಗಳಿಗೆ ಇಳಿಸುತ್ತದಾ, ಇಲ್ಲವಾ? ಅದಕ್ಕೆ ಉತ್ತರ ಸಿಗುವ ತನಕ ಹಾಲು, ಪೆಟ್ರೋಲ್ ಬಗ್ಗೆ ಅವರ ಜಗಳ ಕೇಳುವುದಿಲ್ಲ.

ನಿಮ್ಮಲ್ಲಿ ಬಾಡಿಗೆ ಮನೆಯಲ್ಲಿ ಇರುವವರು ಕೆಳಗೆ ಬರೆಯಿರಿ. ಏರಿಯಾ, ಬಾಡಿಗೆ, ಅಡ್ವಾನ್ಸ್ ಎಷ್ಟು, ಹಿಂದಿನ ಮನೆ ಬಿಟ್ಟಾಗ ಎಷ್ಟು ಹಿಡಿದುಕೊಂಡರು, ವಾಪಸ್ ಬರಲು ಎಷ್ಟು ದಿನ ಆಯಿತು. ಓನರ್ ಹೆಸರು ಬೇಡ, ಜಗಳ ನನಗೆ ಬೇಕಿಲ್ಲ. ಎಲ್ಲ ಸೇರಿಸಿ ಪ್ರಿಂಟ್ ತೆಗೆದು ಎರಡೂ ಕ್ಷೇತ್ರದ ಶಾಸಕರ ಆಫೀಸಿಗೆ ನಾನೇ ಹೋಗಿ ಕೊಡುತ್ತೇನೆ. ಜೊತೆಗೆ ಬರುವವರು ಇದ್ದರೆ ಇನ್‌ಬಾಕ್ಸ್‌ನಲ್ಲಿ ಹೇಳಿ.