ಭಾಮೈದನ ಮೈಂಡ್‌ಸೆಟ್

ಇವತ್ತು ಆಫೀಸಿಗೆ ಲೇಟಾಗಿ ಹೋಗಿ ಬೈಸಿಕೊಂಡೆ. ಕಾರಣ ನಮ್ಮ ಭಾಮೈದನ ಮೈಂಡ್‌ಸೆಟ್.

ಅವನು ಕುಣಿಗಲ್‌ನವನು. ಕುದುರೆ ಫಾರಂ ಇರುವ ಊರಲ್ಲಿ ಹುಟ್ಟಿದವನಿಗೆ ಕುದುರೆ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನೋದು ಅವನ ನಂಬಿಕೆ. ಹಾಗಿದ್ದೂ ಬೆಂಗಳೂರಿನ ರೇಸ್‌ಕೋರ್ಸಿಗೆ ಹೋದಾಗಲೆಲ್ಲ ಜೇಬು ಖಾಲಿ ಮಾಡಿಕೊಂಡೇ ತುಮಕೂರಿಗೆ ವಾಪಸಾಗುತ್ತಾನೆ. ಕೆಲಸ ಹುಡುಕುವ ನೆಪದಲ್ಲಿ ಸದ್ಯ ನಮ್ಮನೆಯಲ್ಲೇ ಇದ್ದಾನೆ. ಮೊನ್ನೆ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ ಮೇಲೆ, ಎಡವಟ್ಟು ಇರೋದು ಕುದುರೆಯಲ್ಲಲ್ಲ, ತನ್ನ ತಲೆಯಲ್ಲಿ ಅಂತ ಗೊತ್ತಾಗಿದೆ. ಮನೆಯವರೆಲ್ಲ ಎಷ್ಟೋ ವರ್ಷದಿಂದ ಇದನ್ನೇ ಹೇಳುತ್ತಿದ್ದೆವು.

"ಯಾವ ಕುದುರೆ ಗೆಲ್ಲುತ್ತೆ ಅಂತ ಕೇಳಬಾರದು ಭಾವ. ಸಿಗೋ ರೇಟಿಗೆ ಅದು ತಕ್ಕದ್ದಾ ಅಂತ ಕೇಳಬೇಕು." ಒಂದಕ್ಕೆ ನಾಲ್ಕು ಲಾಭ ಕೊಡೋ ಕುದುರೆ ಐದರಲ್ಲಿ ಒಂದು ಸಲ ಗೆದ್ದರೆ ಅಸಲು ವಾಪಸ್, ಅದಕ್ಕಿಂತ ಜಾಸ್ತಿ ಗೆದ್ದರೆ ಮಾತ್ರ ಲಾಭ. ಫೇವರಿಟ್, ಅಂದರೆ ಜನ ಜಾಸ್ತಿ ದುಡ್ಡು ಹಾಕೋ ಕುದುರೆ, ಗೆಲ್ಲೋದು ಸುಮಾರು ಮೂರಕ್ಕೊಂದು ರೇಸು, ಗೆದ್ದರೂ ಕೈಗೆ ಬರೋದು ಚಿಲ್ಲರೆ. ಜನ ತಿರುಗಿ ನೋಡದ ಕುದುರೆಯಲ್ಲೇ ದುಡ್ಡು ಅನ್ನೋದು ಅವನ ವಾದ. ಒಂದಕ್ಕೆ ನಾಲ್ಕರ ಲೆಕ್ಕದಲ್ಲಿ ತಪ್ಪೇನಿಲ್ಲ ಬಿಡಿ. 2025ರ ಸೆಪ್ಟೆಂಬರಿನಿಂದ ರೇಸಿಗೆ ಹಾಕೋ ದುಡ್ಡಿನ ಮೇಲೆ ಶೇ. 40 ಜಿಎಸ್‌ಟಿ ಇದೆಯಲ್ಲ, ಅದನ್ನೆಲ್ಲಿ ಸೇರಿಸಿದೆ ಅಂತ ಕೇಳಿದೆ. "ನೆಗೆಟಿವ್ ಆಗಿ ಯೋಚಿಸಬೇಡಿ" ಅಂದ.

ರೇಸು ದಿನಾ ಇರಲ್ಲ. ಮೈಂಡ್‌ಸೆಟ್ ಮಾತ್ರ ದಿನಾ ಅಭ್ಯಾಸ ಆಗಬೇಕಂತೆ. ಆ ಅಭ್ಯಾಸಕ್ಕೆ ನಾವು ಸಿಕ್ಕಿದ್ದೇವೆ. ಭಾನುವಾರ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋದರೆ, ಜನ ತುಂಬಿದ್ದ ಹೋಟೆಲ್ ಬೇಡವೇ ಬೇಡ, ಅದು ಫೇವರಿಟ್ ಅಂದ. ನೊಣ ಬಿಟ್ಟು ಬೇರೆ ಗಿರಾಕಿಯೇ ಇಲ್ಲದ ಕಡೆ ಕೂರಿಸಿದ. ಇಡ್ಲಿ ಚಟ್ನಿಗೂ ಬಗ್ಗಲಿಲ್ಲ, ಸಾಂಬಾರಿಗೂ ಬಗ್ಗಲಿಲ್ಲ. "ಒಂದು ಇಡ್ಲಿ ನೋಡಿ ತೀರ್ಮಾನ ಮಾಡಬಾರದು ಭಾವ. ನೂರು ಇಡ್ಲಿ ಆದ ಮೇಲೆ ಲೆಕ್ಕ ನೋಡಬೇಕು."

ಇವತ್ತು ಬಸ್‌ಸ್ಟ್ಯಾಂಡಿನಲ್ಲೂ ಅದೇ. ಬೆಂಗಳೂರಿನ ನಾನ್‌ಸ್ಟಾಪ್‌ಗೆ ಜನ ಮುಗಿಬಿದ್ದಿದ್ದರು. ನಾನೂ ನುಗ್ಗಿ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟಿದ್ದೆ. ಹಿಂದಿನಿಂದ ಬ್ಯಾಗು ಹಿಡಿದು ಎಳೆದ. "ಅಲ್ನೋಡಿ, ಖಾಲಿ ಬಸ್ಸು. ಯಾರ ಕಣ್ಣಿಗೂ ಬಿದ್ದಿಲ್ಲ!" ಕಿಟಕಿ ಪಕ್ಕದ ಸೀಟು ಸಿಕ್ಕಿದ್ದು ನಿಜ. ಡ್ರೈವರ್ ಸಿಗಲಿಲ್ಲ. ನಮ್ಮ ಕಣ್ಣೆದುರೇ ನಾನ್‌ಸ್ಟಾಪ್‌ಗಳು ಒಂದರ ಹಿಂದೊಂದು ಹೊರಟವು. ಆಮೇಲೆ ಒಬ್ಬ ಕಂಡಕ್ಟರ್ ತಲೆ ಹಾಕಿ, "ಇದು ಡಿಪೋಗೆ ಹೋಗೋ ಗಾಡಿ ಕಣ್ರೀ, ಇಳೀರಿ" ಅಂದರು. ಭಾಮೈದ ಇಳಿಯುವ ಮೊದಲು ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದ. ಸೋತಿದ್ದನ್ನೆಲ್ಲ ಬರೆದಿಡಬೇಕಂತೆ. ಕಂಡಕ್ಟರ್ ಕಾಯುತ್ತಾ ನಿಂತಿದ್ದಾರೆ, ಇವನು ನಿಧಾನವಾಗಿ ದಿನಾಂಕ ಬರೆದ, ಬಸ್ಸಿನ ನಂಬರು ಬರೆದ, ಕೆಳಗೆ ಗೆರೆ ಎಳೆದು ಷರಾ ಬರೆದ: 'ತೀರ್ಮಾನ ಸರಿ. ಫಲಿತಾಂಶ ಮಾತ್ರ ತಪ್ಪು.' ಆ ನೋಟ್‌ಬುಕ್ಕಿನ ಪುಟಪುಟದಲ್ಲೂ ಇದೇ ಷರಾ.

ಮದುವೆಯಾದ ಹೊಸತರಲ್ಲಿ ಇವನಿನ್ನೂ ಚಡ್ಡಿ ಹಾಕುತ್ತಿದ್ದ. ನನ್ನ ಬೆರಳು ಹಿಡಿದು ಫಾರಂ ಬೇಲಿಯ ಹತ್ತಿರ ಕರೆದುಕೊಂಡು ಹೋಗಿದ್ದ. ಟಿಪ್ಪು ಸೈನ್ಯಕ್ಕೆ ಕುದುರೆ ಬೆಳೆಸಿದ ಜಾಗ ಅಂತ ಮೇಷ್ಟ್ರು ಹೇಳಿದ್ದನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ. ಒಳಗೆ ಒಂದು ಮರಿ ಉದ್ದ ಕಾಲು ಎತ್ತೆತ್ತಿ ಹಾಕುತ್ತಾ ತಾಯಿಯ ಹಿಂದೆ ಓಡುತ್ತಿತ್ತು. ಅದಕ್ಕೆ ಹಾಲು ಸಾಕಾಗುತ್ತಾ ಭಾವ ಅಂತ ಕೇಳಿದ್ದ. ಆ ಹುಡುಗ ನನಗೆ ತುಂಬಾ ಇಷ್ಟವಾಗಿದ್ದ.

ಸಂಜೆ 500 ರೂಪಾಯಿ ಕೇಳಿದ. ನಾನು ಬಾಯಿ ತೆಗೆಯುವ ಮೊದಲೇ, "ಒಂದು ರೇಸಿಗೆ ಬಂಡವಾಳದ ಶೇ. 2ಕ್ಕಿಂತ ಜಾಸ್ತಿ ಹಾಕಲ್ಲ ಭಾವ. ಈಗ ಶಿಸ್ತು ಬಂದಿದೆ" ಅಂದ.

"ಯಾವ ಬಂಡವಾಳನಪ್ಪಾ?"

"ನಿಮ್ಮ ಸಂಬಳ."

ಅಡುಗೆಮನೆಯಿಂದ ಇವಳ ದನಿ: "ಕೊಡ್ರೀ, ಪಾಪ. ಮೊದಲೆಲ್ಲ ಸಾವಿರ ಕೇಳ್ತಿದ್ದ."