ಹೊಳೆಗೆ ಕಸ ಹಾಕಬಾರದೇ

ನಮ್ಮೂರ ಸಂಕದ ಹತ್ತಿರ ಒಂದು ಬೋರ್ಡ್ ಇತ್ತು, ಹೊಳೆಗೆ ಕಸ ಹಾಕಬಾರದು ಅಂತ. ಬರೀ ಮಲೆಯಾಳದಲ್ಲಿ. ನಾವು ಕಾಸರಗೋಡಿನ ಕನ್ನಡಿಗರು ಸುಮ್ನಿರ್ತೇವಾ? 1956ರಲ್ಲಿ ಊರು ಕೇರಳಕ್ಕೆ ಸೇರಿದಂದಿನಿಂದ ಅರ್ಜಿ ಬರೆದು ಬರೆದು ಕೈ ಪಳಗಿದೆ. ಬರೆದೆವು. ಕನ್ನಡ ಬೋರ್ಡೂ ಬಂತು. ಬರೆದವರಿಗೆ ಕನ್ನಡ ಬಾರದೋ ಏನೋ, ಕೊನೆಯ ‘ದು’ ಹೋಗಿ ‘ದೇ’ ಆಗಿತ್ತು. ‘ಹೊಳೆಗೆ ಕಸ ಹಾಕಬಾರದೇ’.

ಇಷ್ಟು ಮರ್ಯಾದೆಯಿಂದ ಕೇಳಿದರೆ ಇಲ್ಲ ಅನ್ನುವುದು ಹೇಗೆ? ಮೊದಲು ಕತ್ತಲಲ್ಲಿ ಜಾಗ ಹುಡುಕಬೇಕಿತ್ತು. ಈಗ ಬೈಕಿನ ಲೈಟಿಗೆ ಬೋರ್ಡ್ ಪಳಪಳ ಹೊಳೆಯುತ್ತದೆ, ಅಲ್ಲೇ ಕಸದ ಪ್ಲಾಸ್ಟಿಕ್ ತೊಟ್ಟೆ ಬಿಸಾಡಿದರಾಯಿತು.

ಮೊನ್ನೆ ಬೆಳಿಗ್ಗೆ ಬಗ್ಗಿ ನೋಡಿದೆ. ಗೋಣಿಯ ಬಾಯಿ ಬಿಚ್ಚಿ ಕೋಳಿಯ ಪುಕ್ಕ, ಕರುಳು. ಪಕ್ಕದಲ್ಲೊಂದು ಡೈಪರ್, ನೀರು ಕುಡಿದು ತಲೆದಿಂಬಿನಷ್ಟು ಉಬ್ಬಿದೆ. ಸುಟ್ಟರೆ ಮಗುವಿನ ಮೈ ಉರಿಯುತ್ತದಂತೆ, ಹಾಗಾಗಿ ಹೊಳೆಗೆ.

ಹೊಳೆ ಅಂದರೆ ಪಯಸ್ವಿನಿ. ಕೊಡಗಿನಲ್ಲಿ ಹುಟ್ಟಿ, ಸುಳ್ಯ ದಾಟಿ ಬಂದು, ಕಡಲು ಸೇರುವಾಗ ಚಂದ್ರಗಿರಿ. ಎರಡು ರಾಜ್ಯದ ಹೊಳೆಯಾದ್ದರಿಂದ ಅನುಕೂಲವೂ ಜಾಸ್ತಿ. ದೂರು ಕೊಡಲು ಹೋದರೆ ಕಚೇರಿಯವರು ಫೋಟೋದಲ್ಲಿ ತೊಟ್ಟೆಯ ಅಕ್ಷರ ನೋಡಿದರು. ಕನ್ನಡ ಕಂಡಿತು. “ಇದು ಮೇಲಿಂದ ತೇಲಿ ಬಂದದ್ದು.” ಇನ್ನೊಂದರಲ್ಲಿ ಮಲೆಯಾಳ ಕಂಡಿತು. “ಇದು ಕೆಳಗಿನ ಪಂಚಾಯತಿನದ್ದು.” ಕೆಳಗಿನದು ಮೇಲೆ ಹೇಗೆ ಬರುತ್ತದೆ ಮಾರಾಯ್ರೆ ಅಂದೆ. “ಕಡಲಿನ ಭರತ ಉಂಟಲ್ಲ!”

ಕರುಳಿಗೆ ಭಾಷೆ ಇಲ್ಲ. ಅದು ಕೊಳೆಯುವಾಗ ಬ್ಯಾಕ್ಟೀರಿಯಾಗಳು ನೀರಿನ ಆಕ್ಸಿಜನ್ ಎಳೆದುಕೊಳ್ಳುತ್ತವೆ. ಹೀಗೆ ಕೊಳೆಸಲು ಅವಕ್ಕೆ ಬೇಕಾಗುವ ಆಕ್ಸಿಜನ್ನಿನ ಲೆಕ್ಕಕ್ಕೆ ಬಿಒಡಿ ಅನ್ನುತ್ತಾರೆ. ಮೀಯುವ ನೀರಿನ ಬಿಒಡಿ ಲೀಟರಿಗೆ 3 ಮಿಲಿಗ್ರಾಂ ದಾಟಬಾರದು, ನೀರಲ್ಲಿ ಕರಗಿದ ಆಕ್ಸಿಜನ್ 5ಕ್ಕಿಂತ ಇಳಿಯಬಾರದು ಅಂತ ನಿಯಮ. ಬೇಸಿಗೆಯಲ್ಲಿ ಹರಿವು ನಿಂತು ಗುಂಡಿಯಲ್ಲಷ್ಟೇ ನೀರು ಉಳಿದಾಗ ಕತೆ ಮುಗಿಯಿತು. ಬೆಳಗಾತ ಮೀನುಗಳು ಉಸಿರು ಸಿಗದೆ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಪಕ್ಕದ ಮನೆಯ ಅಣ್ಣನಿಗೆ ಖುಷಿ. “ನೋಡಿ, ಈ ವರ್ಷ ಮೀನು ಎಷ್ಟು ಜಾಸ್ತಿ!”

ಕೇರಳದಲ್ಲಿ ಮನೆಮನೆಯ ಕಸ ಒಯ್ಯುವ ಹರಿತ ಕರ್ಮ ಸೇನೆಯ ಅಕ್ಕಂದಿರು ಪ್ಲಾಸ್ಟಿಕ್ ಕೇಳಿಕೊಂಡು ಬಂದರೆ ಇದೇ ಅಣ್ಣನಿಗೆ ತಿಂಗಳ 50 ರೂಪಾಯಿ ಭಾರ. ನೀರಿಗೆ ಕಸ ಹಾಕಿದರೆ 50,000 ರೂಪಾಯಿವರೆಗೆ ದಂಡ ಉಂಟು ಅಂದೆ. ನಕ್ಕರು. ಅದು ಕೇರಳ ಲಾಟರಿ ಇದ್ದ ಹಾಗಂತೆ, ಯಾವಾಗಲೂ ಬೇರೆಯವರಿಗೇ ಬೀಳುವುದು.

ಹಾಗಂತ ನಾವೇನೂ ಕೈಕಟ್ಟಿ ಕೂತಿಲ್ಲ. ಊರವರೆಲ್ಲ ಸೇರಿ ಮತ್ತೊಂದು ಅರ್ಜಿ ಕೊಟ್ಟಿದ್ದೇವೆ, ನೂರಾರು ಸಹಿ ಹಾಕಿ. ಕಸದ ಬಗ್ಗೆ ಅಲ್ಲ. ಆ ‘ದೇ’ ಬಗ್ಗೆ.